ಮೇಕ್‌ಫೈಲ್ ಬಿಡಿ, ಬೈನರಿಯನ್ನು ನೋಡಿ

ಎಲ್ಲರಿಗೂ ನಮಸ್ಕಾರ. ಕೋಲಾರಕ್ಕೆ ಬಂದಿದ್ದೇನೆ, ಹಾಲಿನ ಡೈರಿಯಿಂದಲೇ ಶುರು ಮಾಡುತ್ತೇನೆ. ನಿಮ್ಮಲ್ಲಿ ಎಷ್ಟೋ ಜನ ಬೆಳಗ್ಗೆ ಕ್ಯಾನ್ ಹಿಡಿದು ಡೈರಿ ಮುಂದೆ ನಿಂತವರೇ ಅಲ್ವಾ? ಹಸುವಿಗೆ ಏನು ಮೇವು ಹಾಕಿದಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ತಂದ ಹಾಲನ್ನೇ ತೆಗೆದು ಫ್ಯಾಟ್ ನೋಡುತ್ತಾರೆ. ಕಂಪೈಲ್ ಆದ ಪ್ರೋಗ್ರಾಂ, ಅಂದರೆ ಬೈನರಿಯ ವಿಷಯದಲ್ಲೂ ನಾವು ಹಾಗೇ ಮಾಡಬೇಕು. ಅದನ್ನು ಕಟ್ಟುವ ಸೂಚನೆ ಬರೆದ ಮೇಕ್‌ಫೈಲ್ ಬಿಟ್ಟು, ಸಿದ್ಧವಾದ ಬೈನರಿಯನ್ನೇ ನೋಡಬೇಕು.

1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ ಎಂಬ, ತಾನಾಗಿಯೇ ಹಬ್ಬುವ ಪ್ರೋಗ್ರಾಂ ಇಂಟರ್ನೆಟ್‌ನಲ್ಲಿ ಹರಡಿತು. ಅದು ನುಗ್ಗಿದ ದಾರಿಗಳಲ್ಲಿ ಒಂದು ಫಿಂಗರ್ ಎಂಬ ಸೇವೆ. ಬಂದದ್ದನ್ನು ಇಟ್ಟುಕೊಳ್ಳಲು ಅಲ್ಲಿದ್ದ ಜಾಗ, ಅಂದರೆ ಬಫರ್, 512 ಬೈಟ್. ವರ್ಮ್ ಕಳಿಸಿದ್ದು 536. ಓದಿಕೊಳ್ಳುತ್ತಿದ್ದ ಗೆಟ್ಸ್ ಫಂಕ್ಷನ್ ಅಳತೆ ನೋಡದೆ ಎಲ್ಲವನ್ನೂ ಒಳಗೆ ಬಿಟ್ಟಿತು. ಜಾಸ್ತಿಯಾದ 24 ಬೈಟ್, ಫಂಕ್ಷನ್‌ಗಳು ತಾತ್ಕಾಲಿಕ ಡೇಟಾ ಇಡುವ ಸ್ಟ್ಯಾಕ್ ಎಂಬ ಮೆಮೊರಿಯಲ್ಲಿ ಮುಂದಕ್ಕೆ ಹರಿದು, ಫಂಕ್ಷನ್ ವಾಪಸ್ ಹೋಗಬೇಕಾದ ವಿಳಾಸವನ್ನೇ ಅಳಿಸಿ ಬರೆದವು.

ಇಂಥದ್ದನ್ನು ತಡೆಯಲು ಇವತ್ತು ಹಲವು ಕಾವಲುಗಳಿವೆ. ವಾಪಸ್ ವಿಳಾಸದ ಮುಂದೆ ಕ್ಯಾನರಿ ಎಂಬ ಗುಟ್ಟಿನ ಸಂಖ್ಯೆ ಇಡುತ್ತಾರೆ. ಅದು ಕೆಟ್ಟಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಸ್ಟ್ಯಾಕ್‌ನಲ್ಲಿರುವ ಡೇಟಾ ಕೋಡ್ ಆಗಿ ಓಡದಂತೆ ಎನ್‌ಎಕ್ಸ್ ತಡೆಯುತ್ತದೆ. ಪೈ ಆಗಿ ಕಟ್ಟಿದ ಪ್ರೋಗ್ರಾಂ ಪ್ರತಿ ಸಲ ಬೇರೆ ವಿಳಾಸದಲ್ಲಿ ಕೂರುತ್ತದೆ. ಫುಲ್ ರೆಲ್ರೋ ಇದ್ದರೆ ಲೈಬ್ರರಿ ಫಂಕ್ಷನ್‌ಗಳ ವಿಳಾಸದ ಪಟ್ಟಿಗೆ ಶುರುವಿನಲ್ಲೇ ಬೀಗ ಬೀಳುತ್ತದೆ.

ಇವೆಲ್ಲ ಬರುವುದು ಕಂಪೈಲರ್‌ಗೆ, ತುಂಡುಗಳನ್ನು ಜೋಡಿಸುವ ಲಿಂಕರ್‌ಗೆ ಕೊಡುವ ಫ್ಲ್ಯಾಗ್‌ಗಳಿಂದ, ಅಂದರೆ ಸೂಚನೆಗಳಿಂದ. ಕೊಟ್ಟರೆ ಮುಗಿಯಿತು ಎಂದೇ ನಾನೂ ನಂಬಿದ್ದೆ. ಒಮ್ಮೆ ಒಂದು ಚಿಕ್ಕ ಬೋರ್ಡ್‌ಗೆ ಬೇರೆ ಕಂಪ್ಯೂಟರ್‌ನಲ್ಲಿ ಕೂತು ಕಂಪೈಲ್, ಅಂದರೆ ಕ್ರಾಸ್ ಕಂಪೈಲ್ ಮಾಡುತ್ತಿದ್ದೆವು. ಎಲ್ಲಕ್ಕಿಂತ ಮೇಲಿನ ಫೋಲ್ಡರ್‌ನ ಮೇಕ್‌ಫೈಲ್‌ನಲ್ಲಿ ಎಲ್ಲ ಫ್ಲ್ಯಾಗ್ ಬರೆದು, ಒಳಗಿನವಕ್ಕೂ ಸಿಗಲಿ ಎಂದು ಎಕ್ಸ್‌ಪೋರ್ಟ್ ಮಾಡಿದ್ದೆ. ಒಳಗಿನ ಒಂದು ಫೋಲ್ಡರ್‌ನ ಮೇಕ್‌ಫೈಲ್ ಫ್ಲ್ಯಾಗ್‌ಗಳನ್ನು ಇಡುವ ಸೀಫ್ಲ್ಯಾಗ್ಸ್ ಎಂಬ ವೇರಿಯಬಲ್‌ಗೆ ಹೊಸದಾಗಿ ಬೆಲೆ ಕೊಟ್ಟಿತ್ತು. ನನ್ನದೆಲ್ಲ ಅಳಿಸಿಹೋಗಿತ್ತು. ಬಿಲ್ಡ್ ಆಯಿತು, ಟೆಸ್ಟ್ ಪಾಸಾಯಿತು. ಬೈನರಿಯಲ್ಲಿ ಯಾವ ಕಾವಲು ಇದೆ ಎಂದು ತೋರಿಸುವ ಚೆಕ್‌ಸೆಕ್ ಓಡಿಸಿದಾಗಲೇ ಗೊತ್ತಾಗಿದ್ದು, ಹಿನ್ನೆಲೆಯಲ್ಲಿ ಓಡುತ್ತಾ ನೆಟ್‌ವರ್ಕ್‌ನಿಂದ ಓದುವ ಪ್ರೋಗ್ರಾಂನಲ್ಲೇ, ಅಂದರೆ ಡೀಮನ್‌ನಲ್ಲೇ, ಕ್ಯಾನರಿ ಇಲ್ಲ ಎಂದು. ಆ ದಿನ ನನಗೆ ನಿಜಕ್ಕೂ ಭಯವಾಯಿತು.

ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ. ಎಕ್ಸ್86 ಪ್ರೊಸೆಸರ್‌ನಲ್ಲಿ ಕೈಯಲ್ಲಿ ಬರೆದ ಒಂದೇ ಒಂದು ಅಸೆಂಬ್ಲಿ ಫೈಲ್ ಸಾಕು. ನನಗೆ ಸ್ಟ್ಯಾಕ್‌ನಲ್ಲಿ ಕೋಡ್ ಓಡಿಸುವುದು ಬೇಡ ಎಂಬ ಗುರುತಿನ ಸೆಕ್ಷನ್ ಅದರಲ್ಲಿ ಇಲ್ಲದಿದ್ದರೆ, ಗ್ನೂ ಲಿಂಕರ್ ಹಳೇ ರೂಢಿಯಂತೆ ಇಡೀ ಪ್ರೋಗ್ರಾಂನ ಸ್ಟ್ಯಾಕ್‌ಗೆ ಓಡುವ ಅನುಮತಿ ಕೊಟ್ಟುಬಿಡಬಹುದು. ಉಳಿದ ನೂರು ಫೈಲ್ ಸರಿಯಿದ್ದರೂ ಅಷ್ಟೇ. ಹೊಸ ಲಿಂಕರ್ ಎಚ್ಚರಿಕೆಯನ್ನೇನೋ ಕೊಡುತ್ತದೆ. ಬಿಲ್ಡ್ ಲಾಗ್ ಓದುವವರು ಎಷ್ಟು ಜನ?

ಹಾಗೆಂದು ಚೆಕ್‌ಸೆಕ್ ವರದಿಯಲ್ಲಿ "ಇಲ್ಲ" ಎಂದು ಬಂದ ಕೂಡಲೇ ಗಾಬರಿಯಾಗಬೇಡಿ. ಯಾವ ಫಂಕ್ಷನ್‌ನಲ್ಲೂ ಅರೇ ಇಲ್ಲದ ಪುಟ್ಟ ಪ್ರೋಗ್ರಾಂಗೆ ಕ್ಯಾನರಿ ಬರದೇ ಇರಬಹುದು. ಬಫರ್ ಅಳತೆ ಪರೀಕ್ಷಿಸುವ ಫೋರ್ಟಿಫೈ ಎಂಬ ಕಾವಲು ಕೇಳಿದ್ದರೂ ಆಪ್ಟಿಮೈಸೇಶನ್ ಆನ್ ಮಾಡದಿದ್ದರೆ ಅದು ಕೆಲಸ ಮಾಡುವುದಿಲ್ಲ. ಗೋ ಭಾಷೆಯ ಪ್ರೋಗ್ರಾಂಗಳನ್ನು ಸಿ ಅಳತೆಗೋಲಿನಲ್ಲಿ ಅಳೆಯುವುದೂ ಸರಿಯಲ್ಲ. "ಇಲ್ಲ" ಎಂದು ಬಂದರೆ ಯಾಕಿಲ್ಲ ಎಂದು ಹುಡುಕಿ.

ಈಗ ಲ್ಯಾಪ್‌ಟಾಪ್ ತೆರೆಯಿರಿ. ಕಳೆದ ಸೆಮಿಸ್ಟರ್‌ನ ಸಿ ಪ್ರಾಜೆಕ್ಟ್ ತೆಗೆದು, ಅದರ ಬೈನರಿಯ ಮೇಲೆ, ಒಳವಿವರ ತೋರಿಸುವ ರೀಡ್‌ಎಲ್ಫ್ ಓಡಿಸಿ, ಪ್ರೋಗ್ರಾಂ ಹೆಡರ್ ತೋರಿಸಲು ಹೇಳಿ. ಗ್ನೂ ಸ್ಟ್ಯಾಕ್ ಎಂಬ ಸಾಲು ಹುಡುಕಿ. ಅಲ್ಲಿ ಆರ್, ಡಬ್ಲ್ಯೂ, ಅಂದರೆ ಓದುವ, ಬರೆಯುವ ಅನುಮತಿ ಮಾತ್ರ ಇದ್ದರೆ ಸರಿ. ಜೊತೆಗೆ ಓಡುವ ಅನುಮತಿಯ ಇ ಕೂಡ ಕಂಡರೆ ಕೈ ಎತ್ತಿ, ನಾನೇ ಅಲ್ಲಿಗೆ ಬರುತ್ತೇನೆ.