ಅದೇ ನದಿ ದಂಡೆಯ ಊರು: ಸಿವಿಲೈಸೇಶನ್ ಆಟಗಾರರು ಯಾಕೆ ಹಿಂದಕ್ಕೆ ಹೋದರು?

ಎಲ್ಲರಿಗೂ ನಮಸ್ಕಾರ. ಮೊದಲು ಸಿವಿಲೈಸೇಶನ್ ಅನ್ನುವ ಕಂಪ್ಯೂಟರ್ ಆಟದ ಒಂದು ಟರ್ನ್, ಅಂದರೆ ಒಂದು ಸರದಿ, ಆಡೋಣ.

ಕ್ರಿಸ್ತಪೂರ್ವ 4000. ನಕ್ಷೆಯ ತುಂಬ ಮಸುಕು. ನಿಮ್ಮ ಹತ್ತಿರ ಇರುವುದು ಊರು ಕಟ್ಟಲು ಹೊರಟ ಒಂದು ಗುಂಪು, ದೊಣ್ಣೆ ಹಿಡಿದ ಒಬ್ಬ ಯೋಧ. ಪಕ್ಕದಲ್ಲೇ ನದಿ, ಎರಡು ಟೈಲ್ (ನಕ್ಷೆಯ ಮನೆ) ಆಚೆ ಗುಡ್ಡ. ಇಲ್ಲೇ ನಿಲ್ಲಲಾ, ಇನ್ನೊಂದು ಟರ್ನ್ ನಡೆದು ನೋಡಲಾ? ನದಿ ದಂಡೆಯಲ್ಲೇ ಊರು ಕಟ್ಟುತ್ತೀರಿ. ನಾನಂತೂ ಆ ಊರಿಗೆ ತೀರ್ಥಹಳ್ಳಿ ಅಂತ ಹೆಸರು ಬದಲಿಸುತ್ತೇನೆ. ಆರು ಸಾವಿರ ವರ್ಷ ಕಳೆದ ಮೇಲೆ ಅದೇ ಊರಿನಿಂದ ರಾಕೆಟ್ ಹಾರುತ್ತದೆ.

ಈ ಆಟ ರೂಪಿಸಿದ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ 1991ರಲ್ಲಿ ಕೊಟ್ಟ ಸುಖ ಇದು. 'ಇನ್ನೊಂದೇ ಒಂದು ಟರ್ನ್' ಅನ್ನುತ್ತಾ ಬೆಳಗು ಮಾಡಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಈ ಸರಣಿಯ ಏಳನೆಯ ಆಟ, ಸಿವಿಲೈಸೇಶನ್ 7 (ಚಿಕ್ಕದಾಗಿ ಸಿವ್ 7), 2025ರ ಫೆಬ್ರವರಿಯಲ್ಲಿ ಬಂತು. 2016ರಲ್ಲಿ ಸಿವ್ 6 ಬಂದಾಗ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ ಆಡುತ್ತಿದ್ದವರು 1 ಲಕ್ಷ 60 ಸಾವಿರ ದಾಟಿದ್ದರು. ಸಿವ್ 7 ಸುಮಾರು 84 ಸಾವಿರಕ್ಕೇ ನಿಂತಿತು. ಕೆಲವೇ ತಿಂಗಳಲ್ಲಿ ಸಿವ್ 6 ಮಾತ್ರವಲ್ಲ, 2010ರ ಸಿವ್ 5 ಆಡುವವರೂ ಇದಕ್ಕಿಂತ ಜಾಸ್ತಿಯಾದರು. ಹೊಸ ಆಟ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್‌ಗಳಲ್ಲೂ ಅದೇ ದಿನ ಬಂದಿತ್ತು, ಆ ಜನ ಈ ಲೆಕ್ಕದಲ್ಲಿ ಇಲ್ಲ. ಆದರೂ ಹಳೇ ಆಟಗಾರರು ತಮ್ಮ ಹಳೇ ಆಟಕ್ಕೇ ಮರಳಿದ್ದು ಸುಮ್ನೆ ತಳ್ಳಿಹಾಕುವ ವಿಷಯವಲ್ಲ.

'ಪ್ರತಿ ಸಲವೂ ಹೀಗೇ' ಅನ್ನುವವರಿದ್ದಾರೆ. ಅದರಲ್ಲಿ ಸತ್ಯವೂ ಇದೆ. ಸಿವ್ 5ರಲ್ಲಿ ಒಂದು ಟೈಲ್‌ನಲ್ಲಿ ಒಂದೇ ಪಡೆ ನಿಲ್ಲಬೇಕು ಅಂದಾಗ ಹಳಬರು ಸಿಟ್ಟಾಗಿದ್ದರು. 2012, 2013ರಲ್ಲಿ ಎರಡು ದೊಡ್ಡ ವಿಸ್ತರಣೆಗಳು ಬಂದ ಮೇಲೆ ಅದೇ ಆಟವನ್ನು ಎದೆಗೆ ಅಪ್ಪಿಕೊಂಡರು. ಮೂರರಲ್ಲಿ ಒಂದು ಪಾಲು ಹಳೆಯದು, ಒಂದು ಪಾಲು ತಿದ್ದಿದ್ದು, ಒಂದು ಪಾಲು ಹೊಸದು: ಈ ಸರಣಿಯ ಪದ್ಧತಿಯೇ ಅದು. ಆದರೆ ಈ ಸಲ ಕೈ ಹಾಕಿದ್ದು ಬುಡಕ್ಕೆ ಅಂತ ನನಗನ್ನಿಸುತ್ತದೆ.

ಬಿಡುಗಡೆಯಾದಾಗಿನ ಸಿವ್ 7ರಲ್ಲಿ ಇತಿಹಾಸಕ್ಕೆ ಮೂರು ಯುಗ. ಒಂದು ಯುಗ ಮುಗಿದರೆ ಎಲ್ಲರಿಗೂ ಒಟ್ಟಿಗೇ ಮುಗಿಯಿತು. ನಡೆಯುತ್ತಿದ್ದ ಯುದ್ಧ ನಿಂತುಹೋಗುತ್ತದೆ. ರಾಜಧಾನಿ ಬಿಟ್ಟು ನೀವು ಬೆಳೆಸಿದ ನಗರಗಳು ಸಾಮಾನ್ಯವಾಗಿ ಮತ್ತೆ ಸಣ್ಣ ಪಟ್ಟಣಗಳಾಗುತ್ತವೆ. ನಾಯಕ ಅವನೇ ಇರುತ್ತಾನೆ, ನಾಗರಿಕತೆ ಮಾತ್ರ ಬೇರೆಯದನ್ನು ಆರಿಸಬೇಕು. ಅಶೋಕನನ್ನು ಇಟ್ಟುಕೊಂಡು ಮೌರ್ಯರಿಂದ ಶುರು ಮಾಡಿದವನು ಚೋಳನಾಗಬಹುದು, ಆಮೇಲೆ ಮೊಘಲನಾಗಬಹುದು. ಅಶೋಕನ ಶಾಸನಗಳೇ ಚೋಳರನ್ನು ತನ್ನ ಗಡಿಯಾಚೆಯವರು ಅಂತ ಹೆಸರಿಸುತ್ತವೆ! ನೆರೆಯವರನ್ನು ಮೊಮ್ಮಕ್ಕಳು ಮಾಡಿದರೆ ನಮ್ಮ ಇತಿಹಾಸ ಓದಿದವರಿಗೆ ಕಸಿವಿಸಿ ಆಗದೇ ಇರುತ್ತದಾ? ಚೋಳರು ಈ ಆಟದಲ್ಲಿ ಬಂದಿದ್ದಕ್ಕೆ ನನಗೆ ತುಂಬ ಖುಷಿ ಇತ್ತು. ಅವರನ್ನು ಮೊದಲ ಟರ್ನ್‌ನಿಂದ ಆಡಲು ಬಿಡಬೇಕಿತ್ತು.

ಹೀಗೆ ಬದಲಿಸಲು, ಆಟ ತಯಾರಿಸಿದ ಫಿರಾಕ್ಸಿಸ್ ಸ್ಟುಡಿಯೋದವರಿಗಿದ್ದ ಕಾರಣ ಬೇಜವಾಬ್ದಾರಿಯದಲ್ಲ. ಬಹಳ ಜನ ಆಟವನ್ನು ಕೊನೆತನಕ ಆಡುವುದೇ ಇಲ್ಲ ಅನ್ನುವುದನ್ನು ಅವರು ಗಮನಿಸಿದ್ದರು. ಅದು ನಿಜ. ನೂರೈವತ್ತನೇ ಟರ್ನ್ ಹೊತ್ತಿಗೆ ಗೆಲ್ಲುವವರು ಯಾರು ಅಂತ ಗೊತ್ತಾಗಿಬಿಡುತ್ತದೆ. ಉಳಿದದ್ದು ಬರೀ ಬಟನ್ ಒತ್ತುವ ಕೆಲಸ. ರೋಗ ಗುರುತಿಸಿದ್ದು ಸರಿಯಾಗಿತ್ತು, ಕೊಟ್ಟ ಮದ್ದು ಮಾತ್ರ ಒಗ್ಗಲಿಲ್ಲ. ಆಟ ಅರ್ಧಕ್ಕೆ ಬಿಟ್ಟವನಿಗೂ ಆ ಊರು ತನ್ನದು ಅನ್ನುವ ಮಮತೆ ಇರುತ್ತದೆ. ಯುಗ ಬದಲಾಗುವ ಆ ಪರದೆ ಕಡಿದದ್ದು ಆ ಮಮತೆಯನ್ನು.

ಇನ್ನೊಂದು ಸಂಗತಿ ನನಗೆ ನಿಜವಾಗಿ ನೋವು ಕೊಟ್ಟಿತು. ಗೆದ್ದ ಮೇಲೂ ಆಡುತ್ತಾ ಹೋಗುವ 'ಒನ್ ಮೋರ್ ಟರ್ನ್' ಬಟನ್ ಆಟ ಬಿಡುಗಡೆಯಾದಾಗ ಇರಲೇ ಇಲ್ಲ. ಸರಣಿಯ ಮನೆಮಾತೇ ಅದು! ಆಮೇಲೆ ಅಪ್‌ಡೇಟ್‌ನಲ್ಲಿ ಸೇರಿಸಿದರು. ಅಷ್ಟರಲ್ಲಿ ಎಷ್ಟೋ ಜನ ಎದ್ದು ಹೋಗಿದ್ದರು.

2025ರ ಸೆಪ್ಟೆಂಬರ್‌ನಲ್ಲಿ ಫಿರಾಕ್ಸಿಸ್‌ನಲ್ಲಿ ಹಲವರು ಕೆಲಸ ಕಳೆದುಕೊಂಡರು. ಆಟಗಾರರ ಸಂಖ್ಯೆ ಬಗ್ಗೆ ಮಾತಾಡುವಾಗ ಅವರನ್ನೂ ನೆನೆಯಬೇಕು. ವರ್ಷಗಟ್ಟಲೆ ಕೂತು ಆ ನದಿ, ಆ ಕೋಟೆ ಬಿಡಿಸಿದವರು ಅವರೇ ತಾನೇ. ಅದೇ ವರ್ಷದ ಕೊನೆಯಲ್ಲಿ, ಒಂದೇ ನಾಗರಿಕತೆಯನ್ನು ಮೊದಲಿಂದ ಕೊನೆತನಕ ಆಡುವ ದಾರಿಯನ್ನು ಆಟಗಾರರ ಜೊತೆ ಸೇರಿ ಪರೀಕ್ಷಿಸುತ್ತೇವೆ ಅಂತ ಸ್ಟುಡಿಯೋ ಹೇಳಿತು. ಆ ಸುದ್ದಿ ಓದಿ ನನಗೆ ಸಮಾಧಾನ ಆಯಿತು.

ಸದ್ಯಕ್ಕೆ ನನ್ನ ಸಿವ್ 6ರಲ್ಲಿ ಚಂದ್ರಗುಪ್ತನ ಆಟ ಒಂದು 212ನೇ ಟರ್ನ್‌ನಲ್ಲಿ ನಿಂತಿದೆ. ತೀರ್ಥಹಳ್ಳಿಯಲ್ಲಿ ಸ್ಪೇಸ್‌ಪೋರ್ಟ್ ಕಟ್ಟುವ ಕೆಲಸ ನಡೆದಿದೆ. ಇನ್ನು ನಾಲ್ಕು ಟರ್ನ್ ಬಾಕಿ.