ಬರೆದದ್ದು ಬೇರೆ, ಮುಟ್ಟಿದ್ದು ಬೇರೆ

ಎಲ್ಲ ಕೇಳುಗರಿಗೂ ನಮಸ್ಕಾರ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕಂಪ್ಯೂಟರ್ ಓದುತ್ತಿರುವ ಹುಡುಗ ಹುಡುಗಿಯರು, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು, ಸಹಕಾರ ಸಂಘದ ಸರ್ವರ್ ಕಾಯುವವರು, ನಿಮ್ಮನ್ನೇ ಕಣ್ಣಮುಂದೆ ಇಟ್ಟುಕೊಂಡು ಈ ಮಾತು. ಲ್ಯಾಬಿನಲ್ಲಿ ಮೂವತ್ತು ಯಂತ್ರಗಳಿವೆ ಅನ್ನಿ. ಎಲ್ಲರ ಫೈಲೂ ಇರುವುದು ಒಳಕೋಣೆಯ ಒಂದೇ ಸರ್ವರಿನಲ್ಲಿ. ಆದರೂ ಯಾವ ಯಂತ್ರದ ಮುಂದೆ ಕೂತರೂ ನಿಮ್ಮ ಫೋಲ್ಡರು ಅಲ್ಲೇ ಇದ್ದ ಹಾಗೆ ಕಾಣುತ್ತದೆ. ಹಾಗೆ ಕಾಣಿಸುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲಿನ ಒಳಗೆ ಕೂತಿರುವ ಒಂದು ಭಾಗ. ಅದೇ ಫೈಲ್ ಸಿಸ್ಟಮ್ ಕ್ಲೈಂಟ್. ನೆಟ್‌ವರ್ಕ್ ಫೈಲ್ ಸಿಸ್ಟಮ್ ಅಂದರೆ ಎನ್‌ಎಫ್‌ಎಸ್ ಇರಲಿ, ಹಲವು ಸರ್ವರುಗಳಲ್ಲಿ ಫೈಲು ಹಂಚಿಡುವ ಸೆಫ್ ಇರಲಿ, ವಿಂಡೋಸ್ ಸರ್ವರಿಗೆ ಜೋಡಿಸುವ ಎಸ್‌ಎಂಬಿ ಇರಲಿ, ಅದರ ಕೆಲಸ ಪ್ರೋಗ್ರಾಮು ಕೊಟ್ಟದ್ದನ್ನು ಸರ್ವರಿಗೆ ಮುಟ್ಟಿಸುವುದು, ಕೇಳಿದ್ದನ್ನು ಅಲ್ಲಿಂದ ತಂದುಕೊಡುವುದು. ಇವತ್ತು ಎನ್‌ಎಫ್‌ಎಸ್ ಹಿಡಿದೇ ಮಾತಾಡುತ್ತೇನೆ. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ತಂದದ್ದು, ಇಂದಿಗೂ ದುಡಿಯುತ್ತಿದೆ.

ಈ ಕ್ಲೈಂಟನ್ನು ಸುಸ್ಥಿತಿಯಲ್ಲಿ ಇಡುವುದಕ್ಕೂ, ಕೆಟ್ಟಾಗ ಸರಿಮಾಡುವುದಕ್ಕೂ ಒಂದು ಮಾತು ತಲೆಯಲ್ಲಿ ಗಟ್ಟಿಯಾಗಿ ಕೂರಬೇಕು. ಬರೆದದ್ದು ಬೇರೆ, ಮುಟ್ಟಿದ್ದು ಬೇರೆ. ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹೊಸನಗರದ ಕಡೆ ಒಂದು ಸೊಸೈಟಿ ಶಾಖೆ ಅಂದುಕೊಳ್ಳಿ. ಅಲ್ಲಿನ ಗುಮಾಸ್ತರು ರೈತ ತಂದ ಅಡಿಕೆಯ ಲೆಕ್ಕವನ್ನು ಚೀಟಿಯಲ್ಲಿ ಬರೆದು, ಕಾರ್ಬನ್ ಪ್ರತಿ ತಮ್ಮ ಹತ್ತಿರ ಇಟ್ಟುಕೊಂಡು, ಮೂಲ ಚೀಟಿಯನ್ನು ಸಂಜೆ ಬಸ್ಸಿನ ಚೀಲಕ್ಕೆ ಹಾಕಿ ಶಿವಮೊಗ್ಗದ ಮುಖ್ಯ ಕಚೇರಿಗೆ ಕಳಿಸುತ್ತಾರೆ. ರೈತನಿಗೆ "ಆಯ್ತು, ಬರೆದುಕೊಂಡಿದ್ದೇನೆ" ಅನ್ನುತ್ತಾರೆ. ಬರೆದುಕೊಂಡದ್ದು ನಿಜ. ಆದರೆ ಮುಖ್ಯ ಕಚೇರಿಯ ಖಾತೆ ಪುಸ್ತಕದಲ್ಲಿ ಅದು ಇನ್ನೂ ಏರಿಲ್ಲ. ದಾರಿಯಲ್ಲಿ ಧರೆ ಕುಸಿದಿರಬಹುದು, ಚೀಲ ಮಳೆಯಲ್ಲಿ ನೆನೆದಿರಬಹುದು. ಆದ್ದರಿಂದ "ಖಾತೆಗೆ ಏರಿಸಿದೆವು" ಎಂಬ ಉತ್ತರ ಬರುವ ತನಕ ಆ ಕಾರ್ಬನ್ ಪ್ರತಿಯನ್ನು ಹರಿದು ಹಾಕಬಾರದು.

ಕ್ಲೈಂಟ್ ಮಾಡುವುದೂ ಇದನ್ನೇ. ನಿಮ್ಮ ಪ್ರೋಗ್ರಾಮು ರೈಟ್ ಅಂದಾಗ ಡೇಟಾ ನಿಮ್ಮ ಯಂತ್ರದ ಮೆಮೊರಿಯಲ್ಲೇ 4096 ಬೈಟಿನ ಪುಟಗಳಾಗಿ ಕೂರುತ್ತದೆ. ಇನ್ನೂ ಸರ್ವರಿಗೆ ಮುಟ್ಟದ ಇಂಥ ಪುಟಕ್ಕೆ ಡರ್ಟಿ ಪೇಜ್ ಎಂದು ಹೆಸರು. ಯಾರೂ ಒತ್ತಾಯ ಮಾಡದಿದ್ದರೆ ಸುಮಾರು 30 ಸೆಕೆಂಡು ಅದು ಅಲ್ಲೇ ಇದ್ದೀತು. ಎನ್‌ಎಫ್‌ಎಸ್‌ನ ಮೂರನೆಯ ಆವೃತ್ತಿ 1995ರಲ್ಲಿ ಬಂದಾಗ ಕಮಿಟ್ ಎಂಬ ಹೊಸ ಹೆಜ್ಜೆ ಸೇರಿತು. ಮೊದಲು ಕ್ಲೈಂಟ್ ರೈಟ್ ಕಳಿಸುತ್ತದೆ, ಸರ್ವರ್ ಅದನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು "ಬಂತು" ಅನ್ನುತ್ತದೆ. ಆಮೇಲೆ ಕಮಿಟ್ ಕಳಿಸಿದಾಗ ಡಿಸ್ಕಿಗೆ ಇಳಿಸಿ "ಏರಿಸಿದೆ" ಅನ್ನುತ್ತದೆ. ಎರಡು ಉತ್ತರಕ್ಕೂ ಸರ್ವರ್ 8 ಬೈಟಿನ ಒಂದು ಮೊಹರು ಒತ್ತುತ್ತದೆ, ವೆರಿಫೈಯರ್ ಅಂತ. ನಡುವೆ ಕರೆಂಟ್ ಹೋಗಿ ಸರ್ವರ್ ಮತ್ತೆ ಎದ್ದರೆ ಮೊಹರು ಬದಲಾಗಿರುತ್ತದೆ. ಮೊಹರು ಬೇರೆ ಕಂಡ ಕೂಡಲೇ ಕ್ಲೈಂಟ್ ತನ್ನ ಕಾರ್ಬನ್ ಪ್ರತಿಗಳನ್ನು ತೆಗೆದು, ಕಮಿಟ್ ಆಗದ ಅಷ್ಟನ್ನೂ ಮತ್ತೆ ಕಳಿಸಬೇಕು. ಎಷ್ಟು ಸೊಗಸಾದ ಏರ್ಪಾಡು ನೋಡಿ! ಕ್ಲೈಂಟಿನ ಕೋಡು ತಿದ್ದುವಾಗ ಮೊಹರು ತಾಳೆ ನೋಡುವ ಸಾಲನ್ನು ಯಾರಾದರೂ ತಪ್ಪಿಸಿದರೆ, ಬೇಸಿಗೆಯಲ್ಲಿ ಎಲ್ಲ ಸರಿಯಾಗಿಯೇ ಓಡುತ್ತದೆ. ಆಷಾಢದಲ್ಲಿ ಕರೆಂಟ್ ಹೋಗಿ ಬಂದ ದಿನ ಫೈಲಿನ ನಡುವೆ ಸೊನ್ನೆಗಳು ಕಾಣುತ್ತವೆ.

ಈಗ ತಪ್ಪಿನ ವಿಷಯ. ಪುಟ ಮುಟ್ಟಲೇ ಇಲ್ಲ, ಸರ್ವರಿನ ಡಿಸ್ಕ್ ತುಂಬಿದೆ ಅಥವಾ ನಿಮ್ಮ ಕೋಟಾ ಮುಗಿದಿದೆ ಅಂದುಕೊಳ್ಳಿ. ಅದು ಕ್ಲೈಂಟಿಗೆ ಗೊತ್ತಾಗುವುದು ಪ್ರೋಗ್ರಾಮಿಗೆ "ಆಯ್ತು" ಅಂದ ಮೇಲೆ. ಹಾಗಾದರೆ ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು? ಬರೆದದ್ದನ್ನೆಲ್ಲ ಈಗಲೇ ಡಿಸ್ಕಿಗೆ ಮುಟ್ಟಿಸು ಅನ್ನುವ ಎಫ್‌ಸಿಂಕ್ ಕರೆದಾಗ ಹೇಳಬೇಕು, ಎನ್‌ಎಫ್‌ಎಸ್‌ನಲ್ಲಿ ಕ್ಲೋಸ್ ಮಾಡುವಾಗಲೂ ಹೇಳಬೇಕು. ಕ್ಲೋಸ್ ಕೊಡುವ ಉತ್ತರವನ್ನು ನಮ್ಮ ಹುಡುಗರು ನೋಡುವುದೇ ಇಲ್ಲ. ದಯವಿಟ್ಟು ನೋಡಿ. ಕ್ಲೋಸ್ ಮಾಡಿದ್ದೇನೆ, ಇನ್ನೇನು ಅನ್ನಬೇಡಿ.

ಇದಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪ್ರಸಂಗ ಹೇಳಲೇಬೇಕು, ಸ್ವಲ್ಪ ಉದ್ದವಾದರೂ ಸರಿ. ಜಗತ್ತಿನ ಎಷ್ಟೋ ಕಚೇರಿಗಳ ಲೆಕ್ಕ ನಿಂತಿರುವುದು ಅದರ ಮೇಲೆ. ಅದನ್ನು ಕಟ್ಟಿದವರು ಬಹಳ ಎಚ್ಚರದ ಜನ. ಪ್ರತಿ ಬದಲಾವಣೆಯನ್ನೂ ಮೊದಲು ಒಂದು ದಿನಚರಿ ಫೈಲಿನಲ್ಲಿ ಬರೆದುಕೊಳ್ಳುತ್ತಾರೆ, ಆಮೇಲೆ ಮುಖ್ಯ ಫೈಲಿಗೆ ಬರೆದು ಎಫ್‌ಸಿಂಕ್ ಮಾಡುತ್ತಾರೆ, ಎಫ್‌ಸಿಂಕ್ "ಸರಿ" ಅಂದ ಮೇಲೆ ಮಾತ್ರ ದಿನಚರಿಯ ಹಳೆಯ ಭಾಗ ಅಳಿಸುತ್ತಾರೆ. ಎಫ್‌ಸಿಂಕ್ "ಆಗಲಿಲ್ಲ" ಅಂದರೆ? ಇನ್ನೊಮ್ಮೆ ಪ್ರಯತ್ನಿಸೋಣ ಅಂತ ಬರೆದಿದ್ದರು. ನೀವೂ ನಾನೂ ಹಾಗೇ ಬರೆಯುತ್ತಿದ್ದೆವು. ಬಾಗಿಲು ತೆರೆಯದಿದ್ದರೆ ಇನ್ನೊಮ್ಮೆ ತಟ್ಟುತ್ತೇವಲ್ಲ?

2018ರಲ್ಲಿ ಗೊತ್ತಾದದ್ದೇನು? ಲಿನಕ್ಸ್ ಕರ್ನಲ್ ಒಂದು ಪುಟವನ್ನು ಡಿಸ್ಕಿಗೆ ಇಳಿಸಲು ಹೋಗಿ ಸೋತರೆ, ಆ ಪುಟದ ಮೇಲಿನ ಡರ್ಟಿ ಗುರುತನ್ನು ಅಳಿಸಿಬಿಡುತ್ತಿತ್ತು. ತಪ್ಪನ್ನು ಒಂದು ಸಲ ಹೇಳಿ ಕೈ ತೊಳೆದುಕೊಳ್ಳುತ್ತಿತ್ತು. ಎರಡನೆಯ ಸಲ ಎಫ್‌ಸಿಂಕ್ ಕರೆದರೆ ಇಳಿಸಬೇಕಾದ ಪುಟವೇ ಇಲ್ಲವಲ್ಲ, "ಎಲ್ಲ ಸರಿಯಾಗಿದೆ" ಅನ್ನುತ್ತಿತ್ತು. ಡೇಟಾಬೇಸು ಅದನ್ನು ನಂಬಿ ದಿನಚರಿ ಅಳಿಸುತ್ತಿತ್ತು. ಮುಖ್ಯ ಫೈಲಿನಲ್ಲಿ ಡೇಟಾ ಇಲ್ಲ, ದಿನಚರಿಯಲ್ಲೂ ಇಲ್ಲ. ಕಾರ್ಬನ್ ಪ್ರತಿಯನ್ನೂ ಹರಿದ ಹಾಗಾಯಿತು.

ಅದಕ್ಕೂ ಹಿಂದೆ ಇನ್ನೊಂದು ತೊಂದರೆ ಇತ್ತು. ಒಂದು ಫೈಲಿಗೆ ತಪ್ಪಿನ ಗುರುತು ಒಂದೇ. ಇಬ್ಬರು ಅದೇ ಫೈಲು ತೆರೆದಿದ್ದರೆ ಮೊದಲು ಕೇಳಿದವನಿಗೆ ಹೇಳಿ ಗುರುತು ಅಳಿಸಿಹೋಗುತ್ತಿತ್ತು, ಎರಡನೆಯವನಿಗೆ ಸುದ್ದಿಯೇ ಇಲ್ಲ. ಲಿನಕ್ಸ್ ಕರ್ನಲಿನ ಕೋಡು ಬರೆಯುವ ಜೆಫ್ ಲೇಟನ್ ಅವರು ಇದನ್ನು ತಿದ್ದಿ, ಎರ್‌ಸೆಕ್ ಎಂಬ ಎಣಿಕೆಯ ಏರ್ಪಾಡು ತಂದರು. 2017ರ 4.13ನೇ ಕರ್ನಲಿನಲ್ಲಿ ಅದು ಸೇರಿತು. ತಪ್ಪಾದಾಗ ಫೈಲಿನ ಎಣಿಕೆ ಮುಂದೆ ಹೋಗುತ್ತದೆ. ಫೈಲು ತೆರೆದ ಪ್ರತಿಯೊಬ್ಬರ ಹತ್ತಿರವೂ ತಾವು ಕೊನೆಗೆ ನೋಡಿದ ಎಣಿಕೆ ಇರುತ್ತದೆ. ಎರಡೂ ಹೊಂದದಿದ್ದರೆ ಅವರಿಗೆ ತಪ್ಪು ಹೇಳಬೇಕು. ಎಷ್ಟು ಜನ ತೆರೆದಿದ್ದಾರೋ ಅಷ್ಟೂ ಜನರಿಗೆ ಸುದ್ದಿ ಮುಟ್ಟುತ್ತದೆ. ಪೋಸ್ಟ್‌ಗ್ರೆಸ್‌ನವರು 2019ರ ಫೆಬ್ರವರಿಯ 11.2ನೇ ಬಿಡುಗಡೆಯಲ್ಲಿ ತಮ್ಮ ಕಡೆಯನ್ನೂ ತಿದ್ದಿದರು: ಎಫ್‌ಸಿಂಕ್ ಒಮ್ಮೆ ಸೋತರೆ ಮರುಪ್ರಯತ್ನ ಇಲ್ಲ, ಡೇಟಾಬೇಸನ್ನೇ ನಿಲ್ಲಿಸಿ, ದಿನಚರಿಯಿಂದ ಎಲ್ಲವನ್ನೂ ಮತ್ತೆ ಕಟ್ಟಿಕೊಳ್ಳುವುದು. ಅಷ್ಟು ಅನುಭವಸ್ಥರಿಗೇ ಇದು ವರ್ಷಗಟ್ಟಲೆ ಕಾಣಲಿಲ್ಲ ಅಂದ ಮೇಲೆ ನಾವು ಎಷ್ಟು ಜಾಗರೂಕರಾಗಿರಬೇಕು! ಕ್ಲೈಂಟಿನಲ್ಲಿ ತಪ್ಪಿನ ಸಂಖ್ಯೆಯೊಂದು ಕೈಗೆ ಬಂದರೆ ಅದನ್ನು ನುಂಗಬೇಡಿ. ಬರೆದವನಿಗೆ ತಲುಪಿಸಿ. ಬರೆದದ್ದು ಬೇರೆ, ಮುಟ್ಟಿದ್ದು ಬೇರೆ.

ಪ್ರಸಂಗ ನನ್ನ ಅರ್ಧ ಸಮಯ ತಿಂದಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ನಮ್ಮ ಮಲೆನಾಡಿನಲ್ಲಿ ಜೂನ್ ಬಂತು ಅಂದರೆ ಮರ ಬಿದ್ದು ಲೈನ್ ಹೋಗುವುದು, ಕೇಬಲ್ ತುಂಡಾಗುವುದು ಇದ್ದದ್ದೇ. ಆಗ ಕ್ಲೈಂಟ್ ಏನು ಮಾಡಬೇಕು ಎಂಬುದು ನೀವು ಮೌಂಟ್ ಮಾಡುವಾಗ, ಅಂದರೆ ಸರ್ವರಿನ ಫೋಲ್ಡರನ್ನು ನಿಮ್ಮ ಯಂತ್ರಕ್ಕೆ ಜೋಡಿಸುವಾಗ, ಕೊಟ್ಟ ಆಯ್ಕೆಯ ಮೇಲಿದೆ. ಹಾರ್ಡ್ ಅಂದರೆ ಸರ್ವರ್ ಸಿಗುವ ತನಕ ಕಾಯುತ್ತಲೇ ಇರುತ್ತದೆ. ಸಾಫ್ಟ್ ಅಂದರೆ ಕೆಲವು ಸಲ ಯತ್ನಿಸಿ, ಆಗದಿದ್ದರೆ ತಪ್ಪು ಹೇಳಿ ಕೈಬಿಡುತ್ತದೆ. ಯಂತ್ರ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಹೆದರಿ ಎಲ್ಲ ಕಡೆ ಸಾಫ್ಟ್ ಹಾಕುತ್ತಾರೆ. ಬರೆಯುವ ಫೋಲ್ಡರಿಗೆ ಸಾಫ್ಟ್ ಹಾಕಬೇಡಿ. ತಪ್ಪನ್ನು ಗಮನಿಸದ ಪ್ರೋಗ್ರಾಮಿನ ಫೈಲು ಅರ್ಧಕ್ಕೆ ಹಾಳಾಗುತ್ತದೆ. ಹಾರ್ಡ್ ಇದ್ದರೆ ಇಪ್ಪತ್ತು ನಿಮಿಷ ಲೈನ್ ಇಲ್ಲದಿದ್ದರೂ, ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಎಂದು ಹೇಳುವ ಟೈಮೋ ಎಂಬ ಆಯ್ಕೆಯಲ್ಲಿ 600 ಅಂತ ಕಂಡರೆ ಅದು 600 ಸೆಕೆಂಡ್ ಅಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕ ಅದು, ಅಂದರೆ 60 ಸೆಕೆಂಡು. ಸರ್ವರಿಗೆ ಯುಪಿಎಸ್ ಇಟ್ಟು ನೆಟ್‌ವರ್ಕ್ ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೆ ಹಾಕಿದರೆ ಪ್ರಯೋಜನ ಇಲ್ಲ, ಎರಡನ್ನೂ ಯುಪಿಎಸ್‌ಗೆ ಹಾಕಿ. ಇನ್ನೊಂದು: ಎನ್‌ಎಫ್‌ಎಸ್‌ನ ನಾಲ್ಕನೆಯ ಆವೃತ್ತಿಯಲ್ಲಿ ಸರ್ವರ್ ಎದ್ದ ಮೇಲೆ ಲಿನಕ್ಸ್‌ನಲ್ಲಿ 90 ಸೆಕೆಂಡು, ಕ್ಲೈಂಟುಗಳು ಫೈಲುಗಳ ಮೇಲೆ ಮೊದಲು ಹಾಕಿದ್ದ ಲಾಕುಗಳನ್ನು ಹಿಂದಕ್ಕೆ ಪಡೆಯಲು ಬಿಟ್ಟ ಸಮಯ. ಆ ಹೊತ್ತಿನಲ್ಲಿ ಹೊಸದಾಗಿ ಫೈಲು ತೆರೆಯಲು ಹೋದರೆ ಕಾಯಬೇಕಾಗುತ್ತದೆ. ತಾಳ್ಮೆ ತಪ್ಪಿ ಸರ್ವರನ್ನು ಮತ್ತೆ ರೀಬೂಟ್ ಮಾಡಿದರೆ ಆ 90 ಮತ್ತೆ ಮೊದಲಿನಿಂದ ಶುರು.

ರೀಬೂಟಿನ ವಿಷಯ ಬಂತು, ಹೇಳಿಯೇಬಿಡುತ್ತೇನೆ. ಯಂತ್ರ ನಿಂತಿತು ಅಂದ ಕೂಡಲೇ ಸ್ವಿಚ್ ಒತ್ತಬೇಡಿ ಮಾರಾಯ್ರೇ! ಕಾರಣವೆಲ್ಲ ಅದರ ಹೊಟ್ಟೆಯೊಳಗಿದೆ, ಕಾರ್ಬನ್ ಪ್ರತಿಗಳೂ ಅಲ್ಲೇ ಇವೆ. ಐದು ನಿಮಿಷ ಕೊಡಿ. ಓಡುತ್ತಿರುವ ಪ್ರೋಗ್ರಾಮುಗಳ, ಅಂದರೆ ಪ್ರೋಸೆಸುಗಳ ಪಟ್ಟಿ ಕೊಡುವ ಪಿಎಸ್ ಆಜ್ಞೆ ಕೊಟ್ಟು ನೋಡಿ, ಡಿ ಅಕ್ಷರದ, ಅಂದರೆ ಕದಲದೆ ಕಾಯುವ ಸ್ಥಿತಿಯಲ್ಲಿ ನಿಂತಿರುವ ಪ್ರೋಸೆಸ್ ಯಾವುದು, ನಂಬರು ಬರೆದುಕೊಳ್ಳಿ. ಯಂತ್ರದ ಪೂರ್ಣ ಅಧಿಕಾರವಿರುವ ರೂಟ್ ಆಗಿ ಪ್ರಾಕ್ ಫೋಲ್ಡರಿನೊಳಗೆ ಆ ನಂಬರಿನ ಫೋಲ್ಡರು, ಅದರೊಳಗೆ ಆ ಪ್ರೋಸೆಸ್ ಕರ್ನಲಿನಲ್ಲಿ ಎಲ್ಲಿ ನಿಂತಿದೆ ಎಂದು ತೋರಿಸುವ ಸ್ಟ್ಯಾಕ್ ಎಂಬ ಫೈಲು ಓದಿ. ಮೇಲಿನ ಸಾಲಿನಲ್ಲಿ ಆರ್‌ಪಿಸಿ ವೇಟ್ ಅಂತ ಶುರುವಾಗುವ ಹೆಸರಿದ್ದರೆ ಅದು ಸರ್ವರಿನ ಉತ್ತರಕ್ಕೆ ಕಾದಿದೆ. ಪೇಜ್ ಅಥವಾ ಫೋಲಿಯೋ ಲಾಕಿನ ಹೆಸರಿದ್ದರೆ ಅದೇ ಯಂತ್ರದ ಇನ್ನೊಬ್ಬರಿಗೆ ಕಾದಿದೆ, ಆ ಇನ್ನೊಬ್ಬರನ್ನು ಹುಡುಕಿ. ಕರ್ನಲಿನ ಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿಯಲ್ಲಿ 120 ಸೆಕೆಂಡಿನಿಂದ ತಡೆದು ನಿಂತಿದೆ ಎಂಬ ಸಂದೇಶ ಇದೆಯೇ ನೋಡಿ. ಇನ್ನೊಂದು ಕಡೆಯಿಂದ ನೆಟ್‌ವರ್ಕಿನಲ್ಲಿ ಹೋಗಿ ಬರುವುದನ್ನು ತೋರಿಸುವ ಟಿಸಿಪಿಡಂಪ್ ಹಾಕಿ, ಎನ್‌ಎಫ್‌ಎಸ್ ಬಳಸುವ 2049ನೇ ಪೋರ್ಟ್ ಗಮನಿಸಿ. ಪ್ರಶ್ನೆ ಹೋಗಿ ಉತ್ತರ ಬರದಿದ್ದರೆ ದಾರಿಯನ್ನೂ ಸರ್ವರನ್ನೂ ನೋಡಿ. ಉತ್ತರ ಬಂದರೂ ಪ್ರೋಸೆಸ್ ಏಳದಿದ್ದರೆ ತಪ್ಪು ಕ್ಲೈಂಟಿನದು, ನಿಮಗೆ ಕೆಲಸ ಸಿಕ್ಕಿತು. ನಿಧಾನ ಅಂತ ದೂರು ಬಂದರೆ ಕ್ಲೈಂಟಿನ ಕೆಲಸದ ಲೆಕ್ಕ ಇರುವ ಮೌಂಟ್‌ಸ್ಟ್ಯಾಟ್ಸ್ ಫೈಲು ಓದಿ. ಕಳಿಸಿದ ಸಲ ಕೆಲಸಕ್ಕಿಂತ ಹೆಚ್ಚಿದ್ದರೆ ಮತ್ತೆ ಮತ್ತೆ ಕಳಿಸಬೇಕಾಗಿ ಬಂದಿದೆ ಎಂದರ್ಥ. ಸರದಿಯಲ್ಲಿ ಕಾದ ಹೊತ್ತು ಹೆಚ್ಚಿದ್ದರೆ ತೊಂದರೆ ನಿಮ್ಮ ಯಂತ್ರದಲ್ಲಿ, ಹೋಗಿ ಬರುವ ಹೊತ್ತು ಹೆಚ್ಚಿದ್ದರೆ ತೊಂದರೆ ದಾರಿಯಲ್ಲಿ ಅಥವಾ ಸರ್ವರಿನಲ್ಲಿ.

ಕೋಡು ತಿದ್ದುವವರಿಗೆ ಎರಡು ಮಾತು. ಮೆಮೊರಿ ತುಂಬಿದಾಗ ಕರ್ನಲ್ "ಡರ್ಟಿ ಪುಟ ಖಾಲಿ ಮಾಡು" ಅಂತ ಕ್ಲೈಂಟನ್ನು ಕೇಳುತ್ತದೆ. ಖಾಲಿ ಮಾಡಲು ನೆಟ್‌ವರ್ಕಿಗೆ ಕಳಿಸಬೇಕು, ಕಳಿಸಲೂ ಮೆಮೊರಿ ಬೇಕು. ತೋಟದ ಪಂಪ್ ನೀರೆತ್ತಬೇಕಾದರೆ ಮೊದಲು ಅದಕ್ಕೇ ಒಂದು ಕೊಡ ನೀರು ಹೊಯ್ಯಬೇಕಲ್ಲ, ಹಾಗೆ. ಆ ಕೊಡದಷ್ಟನ್ನು ಮೆಂಪೂಲ್ ಎಂಬ ಕಾದಿಟ್ಟ ಮೆಮೊರಿಯಲ್ಲಿ ಮೊದಲೇ ಎತ್ತಿಟ್ಟಿರಬೇಕು. ಈ ದಾರಿಯಲ್ಲಿ ಮೆಮೊರಿ ಕೇಳುವಾಗ ಜಿಎಫ್‌ಪಿ ನೋಎಫ್ಎಸ್, ಅಂದರೆ "ಇದಕ್ಕಾಗಿ ಮತ್ತೆ ಫೈಲ್ ಸಿಸ್ಟಮಿನ ಬಾಗಿಲಿಗೆ ಬರಬೇಡ" ಎಂದೇ ಕೇಳಬೇಕು, ಇಲ್ಲದಿದ್ದರೆ ಕ್ಲೈಂಟ್ ತನಗೆ ತಾನೇ ಕಾದು ನಿಲ್ಲುತ್ತದೆ.

ಪರೀಕ್ಷೆಗೆ ಎರಡು ವರ್ಚುವಲ್ ಯಂತ್ರ ಸಾಕು. ಸರ್ವರಿನಲ್ಲಿ 100 ಎಂಬಿಯ ಚಿಕ್ಕ ಡಿಸ್ಕ್ ಮಾಡಿ, ಕ್ಲೈಂಟಿನಿಂದ 150 ಎಂಬಿ ಬರೆಯಿರಿ. ತಪ್ಪು ಹೇಳಲೇಬೇಕು, ಹೇಳದಿದ್ದರೆ ನಿಮ್ಮ ತಿದ್ದುಪಡಿ ಕೆಟ್ಟಿದೆ. ಆಮೇಲೆ ದೊಡ್ಡ ಡಿಸ್ಕಿಗೆ ಬರೆಯುತ್ತಿರುವಾಗಲೇ ಸರ್ವರನ್ನು ರೀಬೂಟ್ ಮಾಡಿ, ಬರೆದು ಮುಗಿದ ಮೇಲೆ ಫೈಲಿನ ಬೆರಳಚ್ಚಿನಂತಿರುವ ಶಾ 256 ಮೊತ್ತವನ್ನು ಎರಡೂ ಕಡೆ ತಾಳೆ ನೋಡಿ. ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಎಂಬ ಪರೀಕ್ಷೆಗಳ ಕಟ್ಟನ್ನು ಪೂರ್ತಿ ಓಡಿಸಿ. ಹೆಸರಿನಲ್ಲಿ ಎಕ್ಸ್‌ಎಫ್‌ಎಸ್ ಎಂಬ ಬೇರೆ ಫೈಲ್ ಸಿಸ್ಟಮ್ ಇದೆ ಅಂತ ಬಿಡಬೇಡಿ, ಎನ್‌ಎಫ್‌ಎಸ್‌ಗೂ ಅದೇ. ಹಳೆ ಕರ್ನಲಿನಲ್ಲಿ ಸರಿ ಇದ್ದದ್ದು ಹೊಸದರಲ್ಲಿ ಕೆಟ್ಟಿದ್ದರೆ ಪ್ರತಿ ಸಲ ಅರ್ಧಕ್ಕರ್ಧ ಬಿಟ್ಟು ಹುಡುಕುವ ಗಿಟ್ ಬೈಸೆಕ್ಟ್ ಹಿಡಿಯಿರಿ, 1000 ಬದಲಾವಣೆಗಳ ನಡುವೆ ತಪ್ಪಿರುವುದನ್ನು 10 ಸಲ ಕಟ್ಟಿ ನೋಡಿ ಹುಡುಕಬಹುದು. ಕಂಡ ಬದಲಾವಣೆಯ ಗುರುತಿನ ಮೊದಲ 12 ಅಕ್ಷರಗಳನ್ನು ನಿಮ್ಮ ಪ್ಯಾಚಿನ, ಅಂದರೆ ಕಳಿಸುವ ತಿದ್ದುಪಡಿಯ, ಫಿಕ್ಸಸ್ ಸಾಲಿನಲ್ಲಿ ಬರೆಯಿರಿ, ಯಾರಿಗೆ ಕಳಿಸಬೇಕು ಎಂಬುದನ್ನು ಗೆಟ್ ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ. ಏನು ಕೆಟ್ಟಿತ್ತು, ಯಾರ ಡೇಟಾ ಮುಟ್ಟದೆ ಹೋಗುತ್ತಿತ್ತು, ಹೇಗೆ ಪರೀಕ್ಷಿಸಿದಿರಿ, ಈ ಮೂರನ್ನೂ ಪ್ಯಾಚಿನ ಮೇಲೆಯೇ ಬಿಡಿಸಿ ಬರೆಯಿರಿ.

ನಮಸ್ಕಾರ.