ಮೊದಲು ಕರೆಂಟು, ಆಮೇಲೆ ವಿಂಡೋಸ್

ಕೇಳುಗರಿಗೆಲ್ಲ ನಮಸ್ಕಾರ.

ಕಂಪ್ಯೂಟರ್ ಆನ್ ಮಾಡುತ್ತೀರಿ. ಫ್ಯಾನ್ ತಿರುಗುತ್ತದೆ, ಪರದೆಯ ಮೇಲೆ ಕಂಪನಿ ಹೆಸರು ಬರುತ್ತದೆ, ಟಪ್ ಅಂತ ಆರುತ್ತದೆ. ಮತ್ತೆ ತಾನೇ ಆನ್ ಆಗುತ್ತದೆ, ಮತ್ತೆ ಆರುತ್ತದೆ. ಆಗ ಏನು ಮಾಡುತ್ತೀರಿ? ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗನನ್ನು ಕರೆಯುತ್ತೀರಿ. ಅವನು ಬಂದವನೇ, "ಆಂಟಿ, ವೈರಸ್ ಇರ್ಬೇಕು, ಫಾರ್ಮ್ಯಾಟ್ ಮಾಡ್ಬಿಡೋಣ" ಅನ್ನುತ್ತಾನೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ! ಮದುವೆ ಫೋಟೊ, ಅಂಗಡಿ ಲೆಕ್ಕ ಎಲ್ಲ ಹೋಯಿತು. ನಾಲ್ಕು ದಿನ ಕಳೆದರೆ ಮತ್ತೆ ಅದೇ ಕಥೆ.

ಮೊದಲು ಕರೆಂಟು, ಆಮೇಲೆ ವಿಂಡೋಸ್. ಇವತ್ತು ನಾನು ಹೇಳುವುದು ಇಷ್ಟೇ.

ಸಿಪಿಯು ಅಂತ ನಾವು ಕರೆಯುವ ಡಬ್ಬದ ಹಿಂದೆ, ವೈರ್ ಚುಚ್ಚುವ ಜಾಗದಲ್ಲಿ, ಎಸ್‌ಎಂಪಿಎಸ್ ಅನ್ನುವ ಪೆಟ್ಟಿಗೆ ಇದೆ. ಗೋಡೆಯ 230 ವೋಲ್ಟ್ ಕರೆಂಟನ್ನು 12, 5, 3.3 ವೋಲ್ಟ್ ಮಾಡಿ ಒಳಗೆ ಹಂಚುವುದು ಅದರ ಕೆಲಸ. ಆ 12 ವೋಲ್ಟ್ 11.4ಕ್ಕಿಂತ ಕೆಳಗೆ ಇಳಿಯಬಾರದು. ಜಾಸ್ತಿ ಇಳಿದರೆ ಮದರ್‌ಬೋರ್ಡ್, ಅಂದರೆ ಒಳಗಿನ ಭಾಗಗಳನ್ನೆಲ್ಲ ಜೋಡಿಸಿರುವ ದೊಡ್ಡ ಹಲಗೆ, ಎಲ್ಲ ನಿಲ್ಲಿಸಿ ಮೊದಲಿನಿಂದ ಶುರು ಮಾಡುತ್ತದೆ. ನೀವು ನೋಡುವ ರೀಸ್ಟಾರ್ಟ್ ಅದೇ. ಇದರಲ್ಲಿ ವೈರಸ್ ಎಲ್ಲಿಂದ ಬಂತು ಹೇಳಿ!

ಪತ್ತೆ ಹಚ್ಚುವುದು ಸುಲಭ. ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತುತ್ತಾ ಇರಿ. ಕೆಲವು ಕಂಪ್ಯೂಟರಿನಲ್ಲಿ ಎಫ್2. ಬಯೋಸ್ ಅನ್ನುವ ಸೆಟ್ಟಿಂಗ್ ಪರದೆ ಬರುತ್ತದೆ. ಅಲ್ಲಿ ಏನನ್ನೂ ಮುಟ್ಟಬೇಡಿ, ಅರ್ಧ ಗಂಟೆ ಸುಮ್ನೆ ಬಿಡಿ. ವಿಂಡೋಸ್ ಆಗ ಇನ್ನೂ ಎದ್ದೇ ಇರುವುದಿಲ್ಲ. ಅಲ್ಲೂ ಆರಿ ಹೊತ್ತಿದರೆ ಫಾರ್ಮ್ಯಾಟ್ ಮಾತೇ ಬೇಡ.

ದಾವಣಗೆರೆಯಲ್ಲಿ ಗಂಡ ಹೆಂಡತಿ ನಡೆಸುವ ಒಂದು ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಪರೀಕ್ಷೆಯ ಕಾಲ, ಹಾಲ್ ಟಿಕೆಟ್ ಪ್ರಿಂಟಿಗೆ ಹುಡುಗರ ಸಾಲು. ಕಂಪ್ಯೂಟರ್ 'ಆಟೊಮ್ಯಾಟಿಕ್ ರಿಪೇರ್' ಅಂತ ತೋರಿಸಿ ತೋರಿಸಿ ಆರುತ್ತಿತ್ತು. "ಎಷ್ಟು ಸಲ ಫಾರ್ಮ್ಯಾಟ್ ಮಾಡಿಸಿದ್ರೂ ಇಷ್ಟೇ ಸರ್" ಅಂದರು ಯಜಮಾನರು. ಅವರ ಮನೆಯವರು ಮೂಲೆಯಲ್ಲಿ ಲ್ಯಾಮಿನೇಷನ್ ಮಾಡುತ್ತಾ, "ರೀ, ಝೆರಾಕ್ಸ್ ಹೊಡೆದಾಗ್ಲೇ ಅದು ಆರೋದು ನೋಡ್ರಿ" ಅಂದರು. "ಅದಕ್ಕೂ ಇದಕ್ಕೂ ಏನೇ ಸಂಬಂಧ? ಸುಮ್ನಿರು" ಅಂದರು ಇವರು.

ನಾನು ಬಯೋಸ್ ಪರದೆ ತೆರೆದು ಕೂತೆ. ಹತ್ತು ನಿಮಿಷ ಏನೂ ಆಗಲಿಲ್ಲ. ಆಗ ಒಬ್ಬ ಅಜ್ಜ ಆಧಾರ್ ಕಾರ್ಡ್ ಹಿಡಿದು ಬಂದರು. ಆ ಅಮ್ಮ ಕಾರ್ಡನ್ನು ಗಾಜಿನ ಮೇಲಿಟ್ಟು ಬಟನ್ ಒತ್ತಿದರು. ಯುಪಿಎಸ್ ಕೀಂಯ್ ಅಂತು, ಕಂಪ್ಯೂಟರ್ ಆರಿತು! ಮೇಜಿನ ಕೆಳಗೆ ಬಗ್ಗಿ ನೋಡಿದರೆ ಝೆರಾಕ್ಸೂ ಹೊಡೆಯುವ ಆ ಲೇಸರ್ ಪ್ರಿಂಟರಿನ ಪ್ಲಗ್ಗೂ ಅದೇ ಯುಪಿಎಸ್‌ನಲ್ಲಿ. 600 ವಿಎ ಅಂತ ಬರೆದಿರುವ ಸಣ್ಣ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಲೇಸರ್ ಪ್ರಿಂಟರ್ ಟೋನರ್ ಅನ್ನುವ ಪುಡಿಯನ್ನು ಕಾಗದಕ್ಕೆ ಬೇಯಿಸಿ ಅಂಟಿಸುವ ಯಂತ್ರ. ಅದರೊಳಗಿನ ರೋಲರ್ ಬಿಸಿಯಾಗುವಾಗ ಆ 360 ವ್ಯಾಟಿಗಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ. ಪ್ರಿಂಟರನ್ನು ಗೋಡೆಯ ಸಾಕೆಟ್ಟಿಗೆ ಹಾಕಿಸಿದೆ. ಆರುವುದು ನಿಂತಿತು. ವಿಂಡೋಸ್ ಕೆಟ್ಟಿದ್ದಂತೂ ನಿಜ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಫೈಲು ಕೆಡದೆ ಇರುತ್ತದೆಯೇ? ಈ ಸಲ ಅದನ್ನು ಸರಿಪಡಿಸಿದ ಮೇಲೆ ಸರಿಯಾಗಿಯೇ ಉಳಿಯಿತು. ಆ ಅಮ್ಮ ಗಂಡನ ಕಡೆ ನೋಡಿದ ನೋಟ ನಾನು ವರ್ಣಿಸುವುದಿಲ್ಲ.

ಅಯ್ಯೋ, ಇದರಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ಪ್ಲಗ್ ಕಿತ್ತು, ಡಬ್ಬದ ಪಕ್ಕದ ಮುಚ್ಚಳ ತೆಗೆಯಿರಿ. ಮದರ್‌ಬೋರ್ಡಿಗೆ ಚುಚ್ಚಿರುವ ರ್ಯಾಮ್ ಕಡ್ಡಿ, ಅಂದರೆ ಮೆಮೊರಿ ಪಟ್ಟಿ, ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಟಿಕ್ ಅನ್ನುವ ತನಕ ಒತ್ತಿ ಕೂರಿಸಿ. ಪ್ರೊಸೆಸರ್ ಫ್ಯಾನಿನ ಧೂಳು ಬ್ರಷ್‌ನಿಂದ ತೆಗೆಯಿರಿ, ಬಿಸಿ ಏರಿದರೂ ಕಂಪ್ಯೂಟರ್ ಆರುತ್ತದೆ. ಮದರ್‌ಬೋರ್ಡ್ ಮೇಲೆ ಸಣ್ಣ ಡ್ರಮ್ಮಿನಂಥ ಕೆಪಾಸಿಟರ್‌ಗಳಿವೆ. ಅವುಗಳ ತಲೆ ಉಬ್ಬಿದ್ದರೆ ಅಂಗಡಿಗೇ ಕೊಡಿ. ಎಸ್‌ಎಂಪಿಎಸ್ ಪೆಟ್ಟಿಗೆಯ ಸ್ಕ್ರೂ ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ.

ಅಂಗಡಿಗೆ ಹೋದರೆ, "ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿ" ಅಂತ ನೀವೇ ಕೇಳಿ. ಐದು ನಿಮಿಷದ ಕೆಲಸ. ಇಲ್ಲ, ಮೊದಲು ಫಾರ್ಮ್ಯಾಟ್ ಮಾಡೋಣ ಅಂದರೆ, ಡಬ್ಬ ಎತ್ತಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ. ನಮಸ್ಕಾರ.